ಬಾಣಂತನ ಮುಗಿದರೂ ಮುಗಿಯದ ನೋವು

"ಹೆರಿಗೆಯ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟರಲ್ಲ, ಅವತ್ತಿನಿಂದ ಸೊಂಟ ನನ್ನ ಮಾತು ಕೇಳುವುದಿಲ್ಲ" ಎನ್ನುವವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಪ್ರತಿ ಊರಲ್ಲೂ ಸಿಗುತ್ತಾರೆ. ತಲೆನೋವಿನವರದ್ದೂ ಅದೇ ಕತೆ. ಮಗ ಶಾಲೆಗೆ ಹೋಗಲು ಶುರುಮಾಡಿದ್ದಾನೆ, ತಲೆನೋವಿಗೂ ಅವನಷ್ಟೇ ಪ್ರಾಯ. ತುಳುವಿನಲ್ಲಿ ತರೆಬೇನೆ, ಬೆರಿಬೇನೆ ಎಂದು ಜೋಡಿಯಾಗಿಯೇ ಹೇಳುತ್ತಾರೆ. ಮನೆಯ ಹಿರಿಯರು "ಬಾಣಂತನ ಸರಿಯಾಗಲಿಲ್ಲ, ವಾಯು ಸೇರಿಕೊಂಡಿದೆ" ಎನ್ನುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ನಾಲ್ಕು ಮಾತ್ರೆ ಸಿಗುತ್ತದೆ. ಕೊನೆಗೆ ಎಲ್ಲರೂ ಸೇರಿ ಕೊಡುವ ಸಮಾಧಾನ ಒಂದೇ: ಹೆತ್ತ ಮೇಲೆ ಇದೆಲ್ಲ ಇದ್ದದ್ದೇ.

ಈ ಸಮಾಧಾನವೇ ಹೆಣ್ಣುಮಕ್ಕಳಿಗೆ ದೊಡ್ಡ ಹಾನಿ ಮಾಡುತ್ತಿದೆ. ಹೆರಿಗೆಯ ನಂತರದ ದೀರ್ಘಕಾಲದ ತೊಂದರೆಗಳ ಬಗ್ಗೆ 2023ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆ ಒಂದು ಲೇಖನಮಾಲೆ ಪ್ರಕಟಿಸಿತು. ಜಗತ್ತಿನಲ್ಲಿ ಪ್ರತಿವರ್ಷ ಕನಿಷ್ಠ 4 ಕೋಟಿ ತಾಯಂದಿರು ಇಂಥ ತೊಂದರೆ ಅನುಭವಿಸುತ್ತಾರೆ, ಸೊಂಟನೋವೊಂದೇ ಶೇ 32ರಷ್ಟು ಮಂದಿಯನ್ನು ಕಾಡುತ್ತದೆ ಎಂದು ಅದು ಹೇಳಿತು. ಮೂವರಲ್ಲಿ ಒಬ್ಬರಿಗೆ ಬರುವ ನೋವು ಸಾಮಾನ್ಯ ಎನ್ನುವುದು ನಿಜ. ಆದರೆ ಸಾಮಾನ್ಯವಾದ ಮಾತ್ರಕ್ಕೆ ಅದು ಸಹಜವಾಗುವುದಿಲ್ಲ, ಅನಿವಾರ್ಯವಂತೂ ಅಲ್ಲವೇ ಅಲ್ಲ. ಈ ನೋವುಗಳಿಗೆ ಹೆಸರಿದೆ, ಕಾರಣವಿದೆ, ಹೆಚ್ಚಿನವಕ್ಕೆ ಪರಿಹಾರವೂ ಇದೆ. ದೂರನ್ನೆಲ್ಲ ಸೂಜಿಯ ಮೇಲೆ ಹೊರಿಸಿ ಕುಳಿತರೆ ಆ ಕಾರಣಗಳನ್ನು ಹುಡುಕುವವರೇ ಇಲ್ಲದಂತಾಗುತ್ತದೆ.

ಸೂಜಿ ಮಾಡಿದ್ದೇನು, ಮಾಡದ್ದೇನು?

ಸೂಜಿಯ ಮಾತು ಇಷ್ಟು ಹಬ್ಬಲು ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್ ಮೂಲಕ ಆಗುತ್ತಿವೆ. ಸಿಸೇರಿಯನ್ನಿಗೆ ಸಾಮಾನ್ಯವಾಗಿ ಬೆನ್ನಿಗೇ ಅರಿವಳಿಕೆ ಕೊಡುತ್ತಾರೆ. ಮೊಣಕಾಲು ಮಡಚಿ, ಬೆನ್ನು ಬಾಗಿಸಿ ಕುಳಿತ ಆ ಕ್ಷಣವನ್ನು ಯಾವ ತಾಯಿಯೂ ಮರೆಯುವುದಿಲ್ಲ. ಮುಂದೆ ಸೊಂಟ ಹಿಡಿದಾಗಲೆಲ್ಲ ನೆನಪಾಗುವುದು ಅದೇ.

ಮಿದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅರಿವಳಿಕೆಯ ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಸೊಂಟದ ಮೂರನೆಯ ಮತ್ತು ನಾಲ್ಕನೆಯ ಮೂಳೆಗಳ ಆಸುಪಾಸಿನಲ್ಲಿ. ಈಗ ಬಳಸುವ ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದು ಮಿದುಳುಬಳ್ಳಿಯ ಸುತ್ತಲಿನ ದ್ರವ ತುಂಬಿದ ಪೊರೆಯನ್ನು ಚುಚ್ಚುತ್ತದೆ. ಆ ಸಣ್ಣ ರಂಧ್ರದಿಂದ ದ್ರವ ಜಿನುಗಿದರೆ ತಲೆಬುರುಡೆಯೊಳಗಿನ ಒತ್ತಡ ತಗ್ಗಿ ತಲೆನೋವು ಬರುತ್ತದೆ. ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬೀರ್ 1898ರಲ್ಲಿ ಈ ಅರಿವಳಿಕೆಯನ್ನು ಮೊದಲ ಬಾರಿಗೆ ಪ್ರಯೋಗಿಸಿದರು. ತನ್ನ ಬೆನ್ನಿಗೂ ಸೂಜಿ ಹಾಕಿಸಿಕೊಂಡು ದಿನಗಟ್ಟಲೆ ತಲೆನೋವಿನಿಂದ ಹಾಸಿಗೆ ಹಿಡಿದರು. ಮಲಗಿದರೆ ನೋವಿಲ್ಲ, ಎದ್ದರೆ ಶುರು ಎಂದು ಅವರೇ ದಾಖಲಿಸಿದ್ದಾರೆ.

ಇವತ್ತಿಗೂ ಸೂಜಿಯಿಂದ ಬರುವ ತಲೆನೋವಿನ ಗುರುತು ಅದೇ. ಹೆರಿಗೆಯಾಗಿ ಐದು ದಿನದೊಳಗೆ ಶುರುವಾಗುತ್ತದೆ. ಕುಳಿತರೆ, ನಿಂತರೆ ಜೋರಾಗುತ್ತದೆ, ಅಡ್ಡಬಿದ್ದರೆ ಇಳಿಯುತ್ತದೆ. ಕುತ್ತಿಗೆ ಬಿಗಿಯಬಹುದು, ಕಿವಿ ಕಟ್ಟಿದಂತಾಗಬಹುದು. ಸಪೂರ ಸೂಜಿ ಬಳಸಿದಾಗ ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಹೀಗಾಗುತ್ತದೆ, ಬಹುತೇಕ ಎರಡು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ. ತಾಳಲಾರದಷ್ಟು ಇದ್ದರೆ ತಾಯಿಯದೇ ರಕ್ತವನ್ನು ಸ್ವಲ್ಪ ತೆಗೆದು ಅದೇ ಜಾಗಕ್ಕೆ ಕೊಟ್ಟು ರಂಧ್ರ ಮುಚ್ಚುವ ವಿಧಾನ 1960ರಿಂದಲೂ ಇದೆ. ಹಾಗಾಗಿ ಬಾಣಂತಿ ಮಲಗಿದಲ್ಲಿಂದ ಏಳಲಾರದೆ ತಲೆ ಹಿಡಿದುಕೊಂಡರೆ, ಹೆರಿಗೆ ಮಾಡಿಸಿದ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸುವುದು ಮೊದಲ ಕೆಲಸ.

ಇನ್ನು ವರ್ಷಗಟ್ಟಲೆ ಕಾಡುವ ಬೆನ್ನುನೋವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 11,701 ತಾಯಂದಿರನ್ನು ಕೇಳಿ ಮಾಡಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ನೋವುರಹಿತ ಹೆರಿಗೆಗೆಂದು ಬೆನ್ನಿಗೆ ಎಪಿಡ್ಯೂರಲ್ ಪಡೆದವರಲ್ಲಿ ಶೇ 18.9ರಷ್ಟು, ಪಡೆಯದವರಲ್ಲಿ ಶೇ 10.5ರಷ್ಟು ಮಂದಿಗೆ ದೀರ್ಘಕಾಲದ ಬೆನ್ನುನೋವು ಕಂಡಿತ್ತು. ಸೂಜಿಯ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೇ ಎನಿಸಬಹುದು. ಆದರೆ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಂಡವರಲ್ಲಿ ಈ ಹೆಚ್ಚಳ ಇರಲಿಲ್ಲ. ಅವರಿಗೂ ಸೂಜಿ ಚುಚ್ಚಿತ್ತು, ಹೆರಿಗೆನೋವಿನ ಗಂಟೆಗಳು ಮಾತ್ರ ಇರಲಿಲ್ಲ. ಮರಗಟ್ಟಿದ ಸೊಂಟದಲ್ಲಿ ತಾಸುಗಟ್ಟಲೆ ಒಂದೇ ಭಂಗಿಯಲ್ಲಿದ್ದುದು ಕಾರಣವಿರಬೇಕು ಎಂದು ಸಂಶೋಧಕರೇ ಊಹಿಸಿದರು. ಮುಂದೆ ತಾಯಂದಿರನ್ನು ಮೊದಲೇ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನಗಳಲ್ಲಿ, 2002ರಲ್ಲಿ ಪ್ರಕಟವಾದದ್ದೂ ಸೇರಿದಂತೆ, ಎರಡೂ ಗುಂಪಿನ ಬೆನ್ನುನೋವಿನಲ್ಲಿ ವ್ಯತ್ಯಾಸ ಸಿಗಲಿಲ್ಲ.

ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ. ಎಪಿಡ್ಯೂರಲ್‌ನ ದಪ್ಪ ಸೂಜಿ ಅಕಸ್ಮಾತ್ ಪೊರೆಯನ್ನು ಸೀಳಿದ ಕೆಲವರಲ್ಲಿ ತಲೆನೋವು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಅದನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳಬೇಕು. ಉಳಿದಂತೆ ಮೂರು, ಆರು, ಹತ್ತು ವರ್ಷದ ಬೆನ್ನುನೋವಿನ ಮೂಲ ಬೇರೆ ಕಡೆ ಇದೆ. ಸಹಜ ಹೆರಿಗೆಯಾಗಿ ಬೆನ್ನಿಗೆ ಸೂಜಿಯನ್ನೇ ಕಾಣದ ತಾಯಂದಿರಿಗೂ ಸೊಂಟ ನೋಯುತ್ತದಲ್ಲ, ಅವರ ಉತ್ತರ ಎಲ್ಲಿದೆಯೋ ಇವರದ್ದೂ ಅಲ್ಲೇ ಇದೆ.

ಸಡಿಲವಾದ ಹೊಟ್ಟೆ, ಭಾರ ಹೊತ್ತ ಬೆನ್ನು

ಗರ್ಭಿಣಿಯ ದೇಹದಲ್ಲಿ ಹಾರ್ಮೋನುಗಳು ಕೀಲುಗಳ ಕಟ್ಟುಗಳನ್ನು ಸಡಿಲಿಸುತ್ತವೆ. ಮಗು ಹೊರಬರಲು ಸೊಂಟದ ಮೂಳೆಗಳು ಜಾಗ ಕೊಡಬೇಕಲ್ಲ! ಬೆಳೆಯುವ ಹೊಟ್ಟೆ ದೇಹದ ಭಾರವನ್ನು ಮುಂದಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಸೊಂಟ ಒಳಬಾಗುತ್ತದೆ. ಹೊಟ್ಟೆಯ ನಡುವಿನ ಎರಡು ಉದ್ದನೆಯ ಸ್ನಾಯುಗಳು ಹಿಗ್ಗಿ ಅಕ್ಕಪಕ್ಕಕ್ಕೆ ಸರಿಯುತ್ತವೆ. ಚಪ್ಪರದ ಕಂಬಕ್ಕೆ ಎರಡೂ ಬದಿಯಿಂದ ಹಗ್ಗ ಕಟ್ಟಿದಾಗ ಒಂದು ಬದಿ ಸಡಿಲವಾದರೆ ಎಳೆತವೆಲ್ಲ ಇನ್ನೊಂದು ಬದಿಗೆ ಬೀಳುವಂತೆ, ಹೊಟ್ಟೆಯ ಸ್ನಾಯು ಸೋತಾಗ ಬೆನ್ನಿನ ಸ್ನಾಯು ಇಬ್ಬರ ಕೆಲಸ ಮಾಡಬೇಕಾಗುತ್ತದೆ.

ಹೆರಿಗೆಯಾದ ಕೂಡಲೇ ಇದೆಲ್ಲ ಮೊದಲಿನಂತಾಗುವುದಿಲ್ಲ, ತಿಂಗಳುಗಳೇ ಬೇಕು. ಅದೇ ಹೊತ್ತಿನಲ್ಲಿ ಹೊಸ ಕೆಲಸವೊಂದು ಸೇರುತ್ತದೆ. ಎಳೆಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಎಂದರೂ ದಿನಕ್ಕೆ ಮೂರು ನಾಲ್ಕು ತಾಸು. ಮಂಚದ ಅಂಚಿನಲ್ಲಿ ಒರಗು ಇಲ್ಲದೆ ಕುಳಿತು, ಮಗುವಿನ ಬಾಯಿಗೆ ಮೊಲೆ ಸಿಗಲೆಂದು ತಾಯಿ ತಾನೇ ಬಾಗಿ, ಕತ್ತು ಬಗ್ಗಿಸಿ ಅದರ ಮುಖ ನೋಡುತ್ತಾ ಕಳೆಯುವ ತಾಸುಗಳಿವು. ಕತ್ತಿನ ಬುಡದ ಸ್ನಾಯು ಬಿಗಿದುಕೊಂಡಾಗ ನೋವು ತಲೆಯ ಹಿಂಬದಿಗೆ ಏರಿ ಹಣೆಯವರೆಗೆ ಬರುತ್ತದೆ. ಬೆನ್ನುನೋವೂ ತಲೆನೋವೂ ಜೋಡಿಯಾಗಿ ಬರುವುದಕ್ಕೆ ಇದೊಂದು ಮುಖ್ಯ ಕಾರಣ.

ಮಡಿಲಲ್ಲಿ ಮಗು, ಆಮೇಲೆ ತಡ್ಪೆ

ಈ ಮೂರು ತಾಲೂಕುಗಳ ಹೆಣ್ಣುಮಕ್ಕಳ ಬೆನ್ನಿನ ಬಗ್ಗೆ ಬರೆಯುವಾಗ ಬೀಡಿಯನ್ನು ಬಿಟ್ಟು ಬರೆಯಲಾಗದು. ಇಲ್ಲಿ ಎಷ್ಟೋ ಮನೆಗಳು ನಿಂತದ್ದು, ಎಷ್ಟೋ ಮಕ್ಕಳು ಓದಿದ್ದು ಬೀಡಿ ಕಟ್ಟಿದ ದುಡ್ಡಿನಿಂದ. ಆ ಕೆಲಸವನ್ನು ಹತ್ತಿರದಿಂದ ನೋಡಿ. ನೆಲದ ಮೇಲೆ ಕಾಲು ಚಾಚಿಯೋ ಚಕ್ಕಳಮಕ್ಕಳ ಹಾಕಿಯೋ ಕುಳಿತಿದ್ದಾರೆ. ಮಡಿಲಲ್ಲಿ ತಡ್ಪೆ ಎಂಬ ಮೊರ, ಅದರಲ್ಲಿ ಕತ್ತರಿಸಿ ಜೋಡಿಸಿದ ಎಲೆ, ಪಕ್ಕದಲ್ಲಿ ಹೊಗೆಸೊಪ್ಪಿನ ಹುಡಿ. ಎಲೆಗೆ ಹುಡಿ ತುಂಬಿಸಿ, ಸುರುಳಿ ಮಾಡಿ, ತುದಿ ಮಡಚಿ, ನೂಲು ಸುತ್ತಿ ಬಿಡುವ ಬೆರಳುಗಳ ವೇಗಕ್ಕೆ ಕಣ್ಣು ಸೋಲುತ್ತದೆ. ಬೆರಳು ಮಾತ್ರ ಓಡುತ್ತಿದೆ. ಕತ್ತು, ಹೆಗಲು, ಸೊಂಟ ಅಲ್ಲಾಡುವುದೇ ಇಲ್ಲ. ಐದು ಕಿಲೋದಷ್ಟು ಭಾರದ ತಲೆ ಬಗ್ಗಿದ ಕತ್ತಿನ ಮೇಲೆ ತಾಸುಗಟ್ಟಲೆ ನೇತಾಡುತ್ತದೆ. ಸಂಜೆಯೊಳಗೆ ಎಣಿಕೆ ತುಂಬಿಸಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು. ಹುಡಿಯ ನಿಕೋಟಿನ್ ಉಸಿರಿನಿಂದಲೂ ಚರ್ಮದಿಂದಲೂ ದೇಹ ಸೇರಿ ತಲೆನೋವು, ತಲೆಸುತ್ತು ತರಬಲ್ಲದು.

ಸಂಬಳದ ನೌಕರಿಯಲ್ಲಿರುವ ತಾಯಿಗೆ 2017ರಿಂದ 26 ವಾರಗಳ ಹೆರಿಗೆ ರಜೆ ಇದೆ. ಬೀಡಿಯ ಮಜೂರಿ ಸಾವಿರದ ಲೆಕ್ಕದಲ್ಲಿ. ಕಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಲವತ್ತು ದಿನ ಕಳೆದು ತವರಿನಿಂದ ಗಂಡನ ಮನೆಗೆ ಮರಳಿದ ಬಾಣಂತಿ ಮಗು ನಿದ್ದೆ ಹೋದ ಹೊತ್ತಿನಲ್ಲಿ ತಡ್ಪೆ ಹಿಡಿಯುತ್ತಾಳೆ. ಹಾಲೂಡಿಸುವಾಗ ಬಗ್ಗಿದ ಅದೇ ಕತ್ತು, ಅದೇ ಸೊಂಟ ಮತ್ತೆ ಬಗ್ಗುತ್ತದೆ. ಅಡಿಕೆ ತೋಟದ ಮನೆಗಳಲ್ಲಿ ಅಂಗಳಕ್ಕೆ ಅಡಿಕೆ ಹರಡುವುದು, ಸುಲಿಯುವುದು, ಹಟ್ಟಿಯ ಕೆಲಸ, ಹುಲ್ಲಿನ ಹೊರೆ, ಬಾವಿಯ ನೀರು. ಕೀಲು ಇನ್ನೂ ಬಿಗಿದುಕೊಳ್ಳದ ಸೊಂಟಕ್ಕೆ ತುಂಬಿದ ಕೊಡಪಾನ ಸಣ್ಣ ಭಾರವಲ್ಲ. ಇದಕ್ಕೆ ಯಾವ ತಾಯಿಯನ್ನೂ ದೂರುವಂತಿಲ್ಲ. ಆದರೆ ನೋವಿನ ಮೂಲ ಇಲ್ಲಿದೆ ಎಂದು ಮನೆಯವರಿಗೆ ಗೊತ್ತಾದರೆ ಕೊಡಪಾನ ಯಾರು ಎತ್ತಬೇಕು ಎಂಬುದನ್ನಾದರೂ ಬದಲಿಸಬಹುದು.

ತಲೆನೋವೆಲ್ಲ ಒಂದೇ ಅಲ್ಲ

ಬೆಂಗಳೂರು ನಗರ ಮತ್ತು ಗ್ರಾಮಾಂತರದ 2,329 ಮಂದಿಯ ಮನೆಬಾಗಿಲಿಗೆ ಹೋಗಿ ನಡೆಸಿದ ತಲೆನೋವಿನ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ವರ್ಷದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಂದಿತ್ತು. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು, ಹಳ್ಳಿಯಲ್ಲಿ ಪೇಟೆಗಿಂತ ಹೆಚ್ಚು. ತಲೆನೋವು ಪೇಟೆಯವರ ಕಾಯಿಲೆ ಎಂಬ ಭಾವನೆಯನ್ನು ಈ ಅಂಕಿಅಂಶ ಅಲ್ಲಗಳೆಯುತ್ತದೆ.

ಗರ್ಭಿಣಿಯಾಗಿದ್ದಾಗ ಈಸ್ಟ್ರೋಜೆನ್ ಹಾರ್ಮೋನು ಏರಿರುವುದರಿಂದ ಅನೇಕರಿಗೆ ಮೈಗ್ರೇನ್ ಬಿಡುವು ಕೊಡುತ್ತದೆ. ಹೆರಿಗೆಯಾದ ಕೂಡಲೇ ಆ ಹಾರ್ಮೋನು ದಿಢೀರನೆ ಇಳಿಯುತ್ತದೆ, ಹಳೆಯ ಮೈಗ್ರೇನ್ ಮರಳುತ್ತದೆ. ಒಂದು ಬದಿ ಸಿಡಿಯುವುದು, ವಾಕರಿಕೆ, ಬೆಳಕು–ಸದ್ದು ಬೇಡವೆನಿಸುವುದು ಅದರ ಲಕ್ಷಣ. ಮದುವೆಗೆ ಮುಂಚೆ ಮುಟ್ಟಿನ ಹೊತ್ತಿಗೆ ತಲೆನೋವು ಬರುತ್ತಿತ್ತೇ ಎಂದು ಕೇಳಿದರೆ ಎಷ್ಟೋ ಮಂದಿ ಹೌದು ಎನ್ನುತ್ತಾರೆ. ಅವರ ತಲೆನೋವು ಹೆರಿಗೆಯ ಕೊಡುಗೆಯಲ್ಲ, ಮೊದಲೇ ಇದ್ದದ್ದು ತಿರುಗಿ ಬಂದದ್ದು. ಅದಕ್ಕೆ ಔಷಧವಿದೆ. ಹಾಲೂಡಿಸುವ ತಾಯಿಗೆ ಹೊಂದುವ ಮಾತ್ರೆಗಳೂ ಇವೆ. ಎರ್ಗೊಟಮಿನ್ ಇರುವ ಮಾತ್ರೆ ಮಾತ್ರ ಅವರಿಗೆ ಸಲ್ಲದು. ಮೈಗ್ರೇನಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಕಾಣುವವರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳಬಾರದು, ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಗುಳಿಗೆ ಬರೆಯುವ ವೈದ್ಯರಿಗೆ ಇದನ್ನು ತಪ್ಪದೆ ಹೇಳಬೇಕು.

ಇನ್ನೊಂದು ಕಾರಣ ರಕ್ತಹೀನತೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದು ಇದೆ. ಹೆರಿಗೆಯಲ್ಲಿ ಹೋದ ರಕ್ತ ಅದರ ಮೇಲೆ. ತಲೆಭಾರ, ಸುಸ್ತು, ಏದುಸಿರು ಅದರ ಗುರುತುಗಳು. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆ, ಆರು ತಿಂಗಳು ಕ್ಯಾಲ್ಸಿಯಂ ಮಾತ್ರೆ ಕೊಡಬೇಕೆಂಬುದು ಸರ್ಕಾರದ್ದೇ ನಿಯಮ. ಗರ್ಭಿಣಿಯಾಗಿದ್ದಾಗ ನಿಷ್ಠೆಯಿಂದ ನುಂಗಿದ ಮಾತ್ರೆ ಮಗು ಹುಟ್ಟಿದ ಮೇಲೆ ಕಪಾಟಿನಲ್ಲೇ ಉಳಿಯುತ್ತದೆ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು, ಕಬ್ಬಿಣದ ಮಾತ್ರೆಯ ಜೊತೆಗೆ ಚಾ ಬೇಡ.

ಮೂರನೆಯ ಕಾರಣ ನೋವಿನ ಮಾತ್ರೆಯೇ. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮಿಶ್ರ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ದಿನನಿತ್ಯದ ತಲೆನೋವಿಗೆ ಕಾರಣವಾಗುತ್ತದೆ. ಅಂಗಡಿಯಿಂದ ತಾವೇ ತಂದು ನುಂಗುವವರು ಈ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಕ್ಯಾಲೆಂಡರಿನಲ್ಲಿ ತಲೆನೋವಿನ ದಿನ, ಮಾತ್ರೆಯ ದಿನ ಗುರುತು ಹಾಕಿಕೊಂಡರೆ ವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಿದ್ದೆಗೇಡು ಮತ್ತು ಮನಸ್ಸಿನ ಭಾರ ಇವೆಲ್ಲವನ್ನೂ ಹೆಚ್ಚಿಸುತ್ತವೆ. ಹೆರಿಗೆಯ ನಂತರದ ಖಿನ್ನತೆ ಅಳುವಾಗಿಯೇ ಕಾಣಿಸಬೇಕೆಂದಿಲ್ಲ, ಮೈಕೈ ನೋವಾಗಿಯೂ ಮಾತಾಡುತ್ತದೆ. ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಾಣಂತನದಲ್ಲಿ ಉಳಿಸಿಕೊಳ್ಳುವುದು, ಬಿಡುವುದು

ನಮ್ಮ ಬಾಣಂತನದಲ್ಲಿ ಬೆಲೆಬಾಳುವ ಸಂಗತಿ ಬಹಳ ಇವೆ. ಹೆತ್ತವಳಿಗೆ ನಲವತ್ತು ದಿನ ವಿಶ್ರಾಂತಿ ಹಕ್ಕೆಂದು ಒಪ್ಪಿದ ಸಂಪ್ರದಾಯ ಅದು. ಹದವಾದ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಸೊಂಟಕ್ಕೆ ಎರೆದಾಗ ಬಿಗಿದ ಸ್ನಾಯು ಸಡಿಲವಾಗುತ್ತದೆ. ಮಗುವನ್ನು ಎತ್ತಿಕೊಳ್ಳಲು ಅಜ್ಜಿ ಇರುತ್ತಾರೆ. ಇವನ್ನು ಕಳೆದುಕೊಳ್ಳಬಾರದು. ಸಿಸೇರಿಯನ್ ಆದವರ ಹೊಲಿಗೆ ಮಾಯುವವರೆಗೆ ಹೊಟ್ಟೆ ಉಜ್ಜಬಾರದು, ಅಷ್ಟೇ.

ಬಿಡಬೇಕಾದದ್ದು ನೀರಿನ ನಿಷೇಧ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಬಾಣಂತಿಗೆ ಲೋಟ ಎಣಿಸಿ ನೀರು ಕೊಡುವ ಮನೆಗಳು ಇವೆ. ಹಾಲೂಡಿಸುವ ದೇಹಕ್ಕೆ ನೀರು ಹೆಚ್ಚೇ ಬೇಕು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿ ಹೆಚ್ಚಿರುತ್ತದೆ. ನೀರು ಕಡಿಮೆಯಾಗಿ ರಕ್ತ ಗಟ್ಟಿಯಾದರೆ ಮಿದುಳಿನಿಂದ ರಕ್ತ ಹೊರತರುವ ಅಭಿಧಮನಿಯಲ್ಲೇ ಹೆಪ್ಪು ಕಟ್ಟುವ ಅಪಾಯವಿದೆ. ಮದುರೆಯ ವೈದ್ಯರು 1983ರಲ್ಲೇ ಗರ್ಭಿಣಿ–ಬಾಣಂತಿಯರ ಮಿದುಳಿನ ಅಭಿಧಮನಿ, ಅಪಧಮನಿಗಳಲ್ಲಿ ಹೆಪ್ಪು ಕಟ್ಟಿದ 135 ಪ್ರಕರಣಗಳನ್ನು ವರದಿ ಮಾಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರ ಮಿದುಳಿನ ಅಭಿಧಮನಿಯ ಹೆಪ್ಪಿನ ಅಧ್ಯಯನ ನಡೆಸಿ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಚಿಕಿತ್ಸೆಯ ಪ್ರಯೋಜನವನ್ನು 1999ರಲ್ಲಿ ಪ್ರಕಟಿಸಿದರು. ಬೇಗ ಗುರುತಿಸಿದರೆ ಜೀವ ಉಳಿಯುತ್ತದೆ, ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ನಂಜು ಎಂದು ತರಕಾರಿ, ಬೇಳೆ, ಮೀನು, ಹಣ್ಣು ಎಲ್ಲವನ್ನೂ ಬಿಡಿಸುವುದು ರಕ್ತಹೀನತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕತ್ತಲೆ ಕೋಣೆಯ ವಾಸವೂ ಬಿಡಬೇಕಾದದ್ದೇ. ಮಳೆಗಾಲದ ಬಾಣಂತಿಗೆ ತಿಂಗಳುಗಟ್ಟಲೆ ಬಿಸಿಲೇ ಕಾಣದೆ ವಿಟಮಿನ್ ಡಿ ಕೊರತೆಯಾಗಿ ಮೂಳೆ–ಸ್ನಾಯು ನೋಯಬಹುದು. ಬಿಸಿಲು ಬಿದ್ದ ದಿನ ಜಗಲಿಯಲ್ಲಿ ಕೂರಿಸಿ. ಹೊಟ್ಟೆಗೆ ಬಟ್ಟೆ ಬಿಗಿದರೆ ಆಧಾರ ಸಿಕ್ಕಂತಾಗುತ್ತದೆ, ಸ್ನಾಯುವಿಗೆ ಬಲ ಬರುವುದು ವ್ಯಾಯಾಮದಿಂದ ಮಾತ್ರ.

ಕಾಯಬಾರದ ನೋವು

ಹೆರಿಗೆಯಾಗಿ ಆರು ವಾರದೊಳಗೆ ಈ ಲಕ್ಷಣ ಕಂಡರೆ ಕಷಾಯ, ಮಾತ್ರೆ ಎನ್ನುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ.

- ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮೇಲುಹೊಟ್ಟೆ ನೋವು, ಮುಖ–ಕೈ ಬಾತುಕೊಳ್ಳುವುದು. ಗರ್ಭಿಣಿಯಾಗಿದ್ದಾಗ ಬಿಪಿ ಸರಿಯಿದ್ದವರಿಗೂ ಹೆರಿಗೆಯ ನಂತರ ಅದು ಏರಬಹುದು. 140/90 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ, 160/110 ಆದರೆ ತುರ್ತು.
- ಒಮ್ಮೆಗೇ ಸಿಡಿಲಿನಂತೆ ಎರಗಿದ ತಲೆನೋವು, ಅಥವಾ ದಿನದಿಂದ ದಿನಕ್ಕೆ ಏರುತ್ತ ವಾಂತಿ ತರುವ ತಲೆನೋವು.
- ಫಿಟ್ಸ್, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು, ಮಂಪರು.
- ಜ್ವರದ ಜೊತೆ ತಲೆನೋವು, ಕುತ್ತಿಗೆ ಬಿಗಿತ ಅಥವಾ ಬೆನ್ನುನೋವು.
- ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದುವುದು, ತೊಡೆಸಂದು ಮರಗಟ್ಟುವುದು, ಮೂತ್ರ–ಮಲದ ಹಿಡಿತ ತಪ್ಪುವುದು.

ಮನೆಯಲ್ಲೇ ಶುರುಮಾಡಬಹುದಾದದ್ದು

ಹಾಲೂಡಿಸುವಾಗ ಬೆನ್ನನ್ನು ಗೋಡೆಗೆ ಒರಗಿಸಿ, ಸೊಂಟದ ಹಿಂದೆ ಒಂದು ದಿಂಬು, ಮಡಿಲಲ್ಲಿ ಇನ್ನೊಂದು ದಿಂಬು ಇಡಿ. ಕುರ್ಚಿಯಾದರೆ ಕಾಲಡಿಗೆ ಮಣೆ. ಮಗುವನ್ನು ಮೊಲೆಯ ಎತ್ತರಕ್ಕೆ ತನ್ನಿ, ನೀವು ಬಾಗಬೇಡಿ. ರಾತ್ರಿ ಪಕ್ಕಕ್ಕೆ ಮಲಗಿ ಹಾಲೂಡಿಸಬಹುದು, ನಿದ್ದೆ ಬಾರದಂತೆ ಎಚ್ಚರವಿರಲಿ. ನೆಲದಿಂದ ಏನನ್ನಾದರೂ ಎತ್ತುವಾಗ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಿ.

ವೈದ್ಯರು ಒಪ್ಪಿದ ಮೇಲೆ ಸಣ್ಣ ವ್ಯಾಯಾಮ ಸಾಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಹೊಕ್ಕುಳನ್ನು ಒಳಕ್ಕೆಳೆದು ಸೊಂಟವನ್ನು ಚಾಪೆಗೆ ಒತ್ತಿ, ಐದು ಎಣಿಸಿ ಬಿಡಿ. ದಿನಕ್ಕೆ ಎರಡು ಹೊತ್ತು, ಹತ್ತು ಸಲ. ಮೂತ್ರ ತಡೆದಂತೆ ಕೆಳಗಿನ ಸ್ನಾಯು ಬಿಗಿಮಾಡಿ ಬಿಡುವುದನ್ನು ಅದರ ಜೊತೆ ಸೇರಿಸಿ. ಹಾಗೆ ಮಲಗಿ ತಲೆಯನ್ನಷ್ಟೇ ಎತ್ತಿದಾಗ ಹೊಕ್ಕುಳಿನ ಮೇಲೆ ಎರಡು ಬೆರಳಿಗಿಂತ ಅಗಲದ ಕಂದರ ತಾಗಿದರೆ, ಎರಡು ತಿಂಗಳಾದರೂ ಅದು ಮುಚ್ಚದಿದ್ದರೆ, ಫಿಸಿಯೋಥೆರಪಿಸ್ಟರನ್ನು ಕಾಣಿ. ಬೀಡಿ ಕಟ್ಟುವವರು ಗೋಡೆಗೆ ಒರಗಿ ಕುಳಿತು, ತಡ್ಪೆಯ ಕೆಳಗೆ ದಿಂಬಿಟ್ಟು ಎತ್ತರಿಸಿ, ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಮಗುವಿರುವ ಕೋಣೆಯಲ್ಲಿ ಹೊಗೆಸೊಪ್ಪು ಬೇಡ. ಮೂರು ತಿಂಗಳಾದರೂ ಬಿಡದ ಬೆನ್ನುನೋವು ತಪಾಸಣೆ ಬೇಡುತ್ತದೆ.

ಆರನೆಯ ವಾರದ ಆ ದಿನ

ಹೆರಿಗೆಯವರೆಗೆ ತಾಯಿ ಕಾರ್ಡಿನಲ್ಲಿ ಅವಳ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲವೂ ದಾಖಲಾಗುತ್ತದೆ. ಮಗು ಹುಟ್ಟಿದ ಮೇಲೆ ತೂಗುವುದು ಮಗುವನ್ನು, ಕೇಳುವುದು ಮಗುವಿನ ಬಗ್ಗೆ. ಹೆರಿಗೆಯ ನಂತರ ಆರು ವಾರದೊಳಗೆ ತಾಯಿ–ಮಗುವಿನ ತಪಾಸಣೆ ಕನಿಷ್ಠ ನಾಲ್ಕು ಸಲ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆರನೆಯ ವಾರಕ್ಕೆ ಮಗುವಿನ ಲಸಿಕೆಗೆಂದು ತಾಯಿ ಹೇಗೂ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಅದೇ ದಿನ ಅವಳ ತೋಳಿಗೂ ಬಿಪಿ ಪಟ್ಟಿ ಸುತ್ತಬೇಕು, ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡಬೇಕು. "ನಿಮಗೆ ತಲೆನೋವು ಉಂಟಾ? ಬೆನ್ನು ನೋಯ್ತದಾ? ರಾತ್ರಿ ನಿದ್ದೆ ಬರ್ತದಾ?" ಎಂದು ಮೂರು ಪ್ರಶ್ನೆ ಕೇಳಬೇಕು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯೂ ಇದನ್ನೇ ಕೇಳಬಹುದು. ದುಬಾರಿ ಯಂತ್ರ ಬೇಡ, ಮಂಗಳೂರಿನವರೆಗೆ ಬಸ್ಸು ಹತ್ತುವ ಅಗತ್ಯವೂ ಹೆಚ್ಚಿನವರಿಗೆ ಬೀಳದು.

ಯಾರೂ ಕೇಳದಿದ್ದರೆ ತಾಯಂದಿರು ತಾವಾಗಿಯೇ ಹೇಳಬೇಕು: ನೋವು ಯಾವಾಗ ಶುರುವಾಯಿತು, ಮಲಗಿದರೆ ಇಳಿಯುತ್ತದೆಯೇ, ಎಷ್ಟು ಮಾತ್ರೆ ನುಂಗುತ್ತಿದ್ದೇನೆ, ದಿನಕ್ಕೆ ಎಷ್ಟು ತಾಸು ಬಗ್ಗಿ ಕೂರುತ್ತೇನೆ. "ಹೆತ್ತ ಮೇಲೆ ಇದ್ದದ್ದೇ" ಎಂಬ ಉತ್ತರ ಬಂದರೆ ಅಲ್ಲಿಗೆ ಸುಮ್ಮನಾಗದೆ, ನನ್ನ ಬಿಪಿ ಎಷ್ಟಿದೆ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಮರುಪ್ರಶ್ನೆ ಹಾಕುವ ಹಕ್ಕು ಪ್ರತಿಯೊಬ್ಬ ತಾಯಿಗೂ ಇದೆ.